ಜೇನಿಗೆ ಪೆಟ್ಟಿಗೆ ಕೊಟ್ಟೆವು, ಹೊಟ್ಟೆಗೆ ಏನು ಕೊಟ್ಟೆವು?

ನಮ್ಮ ಸೀಮೆಯಲ್ಲಿ ಖಾಲಿ ಜೇನು ಪೆಟ್ಟಿಗೆಗಳನ್ನು ಎಣಿಸಲು ಹೊರಟರೆ ಒಂದು ಬೆಳಗು ಸಾಕಾಗುವುದಿಲ್ಲ. ಒಬ್ಬರ ಮನೆಯಲ್ಲಿ ಅದರೊಳಗೆ ಮೊಳೆ, ಸುತ್ತಿಗೆ, ಇಕ್ಕಳ ಸೇರಿಕೊಂಡಿವೆ. ಇನ್ನೊಬ್ಬರ ಕೊಟ್ಟಿಗೆಯ ಅಟ್ಟದ ಮೇಲೆ ಮೂರು ಪೆಟ್ಟಿಗೆಗಳು ಒಂದರ ಮೇಲೊಂದು ಕುಳಿತು ಗೆದ್ದಲು ಹಿಡಿಸಿಕೊಳ್ಳುತ್ತಿವೆ. ಮತ್ತೊಂದು ಮನೆಯಲ್ಲಿ ಪೆಟ್ಟಿಗೆಯ ಕಾಲಿನ ಸ್ಟ್ಯಾಂಡ್ ತುಳಸಿ ಕುಂಡ ಹೊತ್ತು ನಿಂತಿದೆ. ಕೇಳಿದರೆ ಎಲ್ಲ ಕಡೆ ಒಂದೇ ಕಥೆ: ‘ಯೋಜನೆಯಲ್ಲಿ ಬಂತು. ಹುಳವೂ ಇತ್ತು. ಮಳೆಗಾಲದಲ್ಲಿ ಓಡಿಹೋಯ್ತು.’

ನನ್ನದೂ ಅದೇ ಕಥೆ. ಐದು ವರ್ಷದ ಹಿಂದೆ ಒಂದು ಯೋಜನೆಯಲ್ಲಿ ನಮ್ಮ ಮನೆಗೂ ಎರಡು ಪೆಟ್ಟಿಗೆ ಬಂದವು, ಹುಳದ ಸಮೇತ. ಬಂದದ್ದು ಮೇ ತಿಂಗಳ ಕೊನೆಯ ವಾರ. ಮೃಗಶಿರಾ ಮಳೆಗೆ ಹತ್ತು ದಿನವೂ ಇರಲಿಲ್ಲ. ಹಲಸಿನ ಮರದ ನೆರಳಿನಲ್ಲಿ ಇಟ್ಟೆ, ಇರುವೆ ಹತ್ತದಂತೆ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟೆ, ಫೋಟೊ ತೆಗೆದು ಸ್ಟೇಟಸ್ ಹಾಕಿದೆ. ಆರಿದ್ರೆ ಮಳೆ ಹಿಡಿದುಕೊಂಡಿತು. ಜುಲೈ ಎರಡನೇ ವಾರ ಮುಚ್ಚಳ ತೆಗೆದು ನೋಡಿದರೆ ಎರಡೂ ಖಾಲಿ. ಅಂಗೈಯಗಲದ ಬಿಳಿ ಎರಿ, ಅದರಲ್ಲಿ ಒಂದು ಹನಿ ತುಪ್ಪವೂ ಇಲ್ಲ. ಕೆಳಗೆ ಹತ್ತಿಪ್ಪತ್ತು ಸತ್ತ ನೊಣ.

ನನಗೆ ಹೆಚ್ಚು ಚುಚ್ಚಿದ್ದು ಬೇರೆಯೇ ವಿಷಯ. ಪೆಟ್ಟಿಗೆ ವಿತರಣೆಯ ಸುದ್ದಿಯನ್ನು ನಾನೇ ಬರೆದು ಪತ್ರಿಕೆಗೆ ಕಳಿಸಿದ್ದೆ. ಅದಕ್ಕೆ ಹಿಂದಿನ ವರ್ಷವೂ ಬರೆದಿದ್ದೆ. ವೇದಿಕೆ, ಹಾರ, ಪೆಟ್ಟಿಗೆ ಹಿಡಿದ ಫಲಾನುಭವಿಗಳು, ಮೂರು ಕಾಲಂ ಫೋಟೊ. ಜುಲೈನಲ್ಲಿ ಆ ಪೆಟ್ಟಿಗೆಗಳ ಒಳಗೆ ಏನಿದೆ ಎಂದು ನೋಡಿ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಈ ಲೇಖನ ಆ ಸಾಲು. ಸ್ವಲ್ಪ ಉದ್ದವಾಗಿದೆ, ಏಕೆಂದರೆ ಹುಡುಕುತ್ತ ಹೋದ ಹಾಗೆ ಈ ಕಥೆ ಇನ್ನೂರು ವರ್ಷ ಹಿಂದಕ್ಕೆ ಹೋಯಿತು.

ಅಜ್ಜ ಕೇಳಿದ ಪ್ರಶ್ನೆ

ನಮ್ಮ ಪಕ್ಕದ ಕೇರಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಎಂಬತ್ತರ ಮೇಲೆ ವಯಸ್ಸು. ಊರಿನವರು ಕರೆಯುವುದೇ ‘ಜೇನಜ್ಜ’ ಎಂದು. ಖಾಲಿ ಪೆಟ್ಟಿಗೆ ಹೊತ್ತು ಅವರ ಜಗಲಿಗೆ ಹೋದೆ. ಅವರು ಆ ಬಿಳಿ ಎರಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ತಮಾ, ಹೊಸ ಮನೆ ಒಕ್ಕಲು ಮಾಡಿಸಿದೆ. ಸರಿ. ಊಟಕ್ಕೆ ಏನು ಇಟ್ಟೆ?”

“ಜೇನಿಗೆ ನಾವು ಊಟ ಹಾಕುವುದುಂಟಾ ಅಜ್ಜ? ಅದು ಹೂವಿಗೆ ಹೋಗಿ ತಂದುಕೊಳ್ಳುವುದಿಲ್ಲವಾ?”

“ಆರಿದ್ರೆ ಮಳೆಯಲ್ಲಿ ಯಾವ ಹೂವಿಗೆ ಹೋಗ್ತದೆ? ನೀನು ಹೋಗ್ತೀಯಾ?”

ಅಜ್ಜನ ಲೆಕ್ಕ ಸರಳ. ಕಾಡಿನ ಪೊಟರೆಯಲ್ಲಿರುವ ತುಡುವೆ ಬೇಸಿಗೆಯಲ್ಲಿ ತುಪ್ಪ ಕೂಡಿಟ್ಟಿರುತ್ತದೆ. ಮಳೆಗಾಲ ಪೂರ್ತಿ ಅದನ್ನೇ ತಿಂದು ಬದುಕುತ್ತದೆ. ಹೊಸ ಪೆಟ್ಟಿಗೆಗೆ ತಂದು ತುಂಬಿದ ಹುಳದ ಹತ್ತಿರ ಏನೂ ಇಲ್ಲ. ತುಪ್ಪ ಇಲ್ಲ, ತುಪ್ಪ ಇಡಲು ಎರಿ ಇಲ್ಲ, ಎರಿ ಕಟ್ಟಲು ಮೇಣ ಇಲ್ಲ. ಮೇಣ ಮಾಡಲು ಮತ್ತೆ ಸಿಹಿಯೇ ಬೇಕು. ಮನೆ ಕಟ್ಟಬೇಕು, ಮಕ್ಕಳನ್ನು ಸಾಕಬೇಕು, ಕೈಯಲ್ಲಿ ಬಿಡಿಕಾಸಿಲ್ಲ ಎಂಬ ಸ್ಥಿತಿ.

ಇದು ಅಜ್ಜನ ಅನುಭವದ ಮಾತು. ಇದೇ ಮಾತನ್ನು ಜಗತ್ತಿನಲ್ಲಿ ಮೊದಲು ಪರೀಕ್ಷೆ ಮಾಡಿ ತೋರಿಸಿದ ಮನುಷ್ಯನಿಗೆ ಕಣ್ಣೇ ಕಾಣುತ್ತಿರಲಿಲ್ಲ.

ಪೆಟ್ಟಿಗೆಗಿಂತ ಮೊದಲು

ಅವನ ಕಥೆಗೆ ಮೊದಲು ಇನ್ನೂ ಹಿಂದಿನ ಮಾತು. ಮನುಷ್ಯ ಜೇನು ಕೀಳುವ ಚಿತ್ರಗಳು ಮಧ್ಯಪ್ರದೇಶದ ಭೀಮಬೇಟ್ಕಾ ಸುತ್ತಿನ ಕಲ್ಲುಗುಹೆಗಳಲ್ಲೇ ಇವೆ. ಆಗ ಜೇನಿಗೆ ಉಣಿಸುವ ಪ್ರಶ್ನೆಯೇ ಇರಲಿಲ್ಲ. ಹೊಗೆ ಹಾಕು, ಎರಿ ಕೊಯ್ಯಿ, ಹಿಂಡು, ಅಷ್ಟೇ. ಹುಳ ಸತ್ತರೆ ಸತ್ತಿತು, ಹಾರಿದರೆ ಹಾರಿತು. ಮುಂದಿನ ವರ್ಷ ಇನ್ನೊಂದು ಪೊಟರೆ.

ಮಡಕೆ ಇಟ್ಟು, ಟೊಳ್ಳು ಮರದ ತುಂಡು ಕಟ್ಟಿ ಜೇನು ಕೂರಿಸುವ ಪದ್ಧತಿ ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಮೊದಲಿನಿಂದ ಇತ್ತು. ಅದರಲ್ಲೂ ತುಪ್ಪ ತೆಗೆಯುವುದೆಂದರೆ ಎರಿ ಕೊಯ್ಯುವುದೇ. ಮೊಟ್ಟೆ, ಮರಿ ಎಲ್ಲ ಹಿಂಡಿಯೊಳಗೆ ಹೋಗುತ್ತಿತ್ತು.

ಆದರೂ ಜೇನನ್ನು ಮನೆಯ ಹತ್ತಿರ ಸಾಕಿದ ಕಡೆ ಉಣಿಸುವ ಯೋಚನೆ ಬಹಳ ಹಿಂದೆಯೇ ಬಂದಿತ್ತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮ್ ಸಾಮ್ರಾಜ್ಯದಲ್ಲಿ ಕೊಲುಮೆಲ್ಲಾ ಎಂಬಾತ ಬೇಸಾಯದ ದೊಡ್ಡ ಪುಸ್ತಕ ಬರೆದ. ಅದರ ಒಂದು ಭಾಗ ಜೇನಿಗೇ ಮೀಸಲು. ಮೇವಿಲ್ಲದ ಕಾಲದಲ್ಲಿ ಒಣ ಅಂಜೂರವನ್ನು ಜಜ್ಜಿ ನೀರಿನಲ್ಲಿ ನೆನೆಸಿಡಿ, ದ್ರಾಕ್ಷಿಯ ಸಿಹಿರಸವನ್ನು ಉಣ್ಣೆಯಲ್ಲಿ ಅದ್ದಿಡಿ, ನೊಣಗಳು ಹೀರಿಕೊಳ್ಳುತ್ತವೆ ಎಂದು ಆತ ಹೇಳುತ್ತಾನೆ. ಆಗ ಅಲ್ಲಿ ಸಕ್ಕರೆ ದಿನಬಳಕೆಯ ವಸ್ತುವಾಗಿರಲಿಲ್ಲ. ಉಣ್ಣೆ ಯಾಕೆ ಎಂದರೆ ನೊಣ ಮುಳುಗದಿರಲಿ ಎಂದು. ನಮ್ಮ ಅಜ್ಜ ಕರಟದಲ್ಲಿ ಪಾಕ ಹಾಕಿ ಮೇಲೆ ಹುಲ್ಲುಕಡ್ಡಿ ತೇಲಿಸುವುದೂ ಅದಕ್ಕೇ. ಕಾಲ ಬೇರೆ, ದೇಶ ಬೇರೆ, ಉಪಾಯ ಒಂದೇ.

ಕಣ್ಣಿಲ್ಲದವನು ಕಂಡ ಮೇಣ

ಈಗ ಆ ಮನುಷ್ಯನ ವಿಷಯ. ಹೆಸರು ಫ್ರಾಂಸ್ವಾ ಹ್ಯೂಬರ್. 1750ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹುಟ್ಟಿದ. ಹರೆಯದಲ್ಲೇ ದೃಷ್ಟಿ ಮಂದವಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಆದರೂ ಜೇನಿನ ಹುಚ್ಚು ಬಿಡಲಿಲ್ಲ. ಹ್ಯೂಬರ್ ಪ್ರಶ್ನೆ ಕೇಳುವವನು, ಅವನ ಸೇವಕ ಫ್ರಾಂಸ್ವಾ ಬರ್ನೆನ್ಸ್ ನೋಡುವವನು. ಮನೆಗೆಲಸಕ್ಕೆ ಸೇರಿದ ಆ ಹುಡುಗ ದಿನವಿಡೀ ಗೂಡಿನ ಮುಂದೆ ಕೂತು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದ. ಪುಸ್ತಕದ ಹಾಳೆ ಮಗುಚಿದಂತೆ ಎರಿಗಳನ್ನು ಬಿಡಿಸಿ ನೋಡಬಹುದಾದ ಪೆಟ್ಟಿಗೆಯನ್ನೂ ಹ್ಯೂಬರ್ ಮಾಡಿಸಿಕೊಂಡಿದ್ದ.

ಆಗಿನವರಲ್ಲಿ ಹೆಚ್ಚಿನವರು ನಂಬಿದ್ದು ಏನೆಂದರೆ, ನೊಣ ಕಾಲಿಗೆ ಅಂಟಿಸಿಕೊಂಡು ತರುವ ಪರಾಗದಿಂದಲೇ ಮೇಣ ಆಗುತ್ತದೆ ಎಂದು. ನೋಡಲು ಹಾಗೇ ಕಾಣುತ್ತದೆ. ಹಳದಿ ಪುಡಿ ಒಳಗೆ ಹೋಗುತ್ತದೆ, ಹಳದಿ ಮೇಣ ಹೊರಗೆ ಬರುತ್ತದೆ.

ಹ್ಯೂಬರ್ ಇದನ್ನು ಪರೀಕ್ಷಿಸಿದ. ಆಗಷ್ಟೇ ಪಾಲಾಗಿ ಬಂದ ಹೊಸ ಹಿಂಡನ್ನು ಖಾಲಿ ಗೂಡಿಗೆ ಹಾಕಿ, ಹೊರಗೆ ಹೋಗದಂತೆ ಕೂಡಿಹಾಕಿದ. ಒಳಗೆ ಕೊಟ್ಟದ್ದು ಜೇನುತುಪ್ಪ ಮತ್ತು ನೀರು ಮಾತ್ರ, ಪರಾಗ ಒಂದು ಚಿಟಿಕೆಯೂ ಇಲ್ಲ. ಕೆಲವೇ ದಿನದಲ್ಲಿ ನೊಣಗಳು ಬಿಳಿಯ ಎರಿ ಕಟ್ಟಿದವು. ಹಳೆಯ ಪರಾಗದ ದಾಸ್ತಾನು ಹೊಟ್ಟೆಯಲ್ಲಿದ್ದಿರಬಹುದಲ್ಲ ಎಂಬ ಅನುಮಾನ ಬರಬಾರದೆಂದು ಆ ಎರಿ ತೆಗೆದು ಮತ್ತೆ ತುಪ್ಪ ಕೊಟ್ಟ. ಮತ್ತೆ ಕಟ್ಟಿದವು. ಹೀಗೆ ಮತ್ತೆ ಮತ್ತೆ ಮಾಡಿದ. ಇನ್ನೊಂದು ಹಿಂಡಿಗೆ ಪರಾಗ ಮತ್ತು ಹಣ್ಣು ಮಾತ್ರ ಕೊಟ್ಟ. ಅವು ಒಂದು ಚೂರೂ ಮೇಣ ಮಾಡಲಿಲ್ಲ. ಕೊನೆಗೆ ಸಕ್ಕರೆ ಪಾಕ ಕೊಟ್ಟು ನೋಡಿದ. ಅದರಿಂದಲೂ ಎರಿ ಎದ್ದಿತು.

ಅಂದರೆ ಮೇಣ ಬರುವುದು ಸಿಹಿಯಿಂದ, ನೊಣದ ಮೈಯೊಳಗಿನಿಂದ. ಕೆಲಸಗಾರ ನೊಣದ ಹೊಟ್ಟೆಯ ಅಡಿಯಲ್ಲಿ ನಾಲ್ಕು ಜೊತೆ ಮೇಣದ ಗ್ರಂಥಿಗಳಿವೆ. ಹೊಟ್ಟೆ ತುಂಬ ಸಿಹಿ ಕುಡಿದ ಎಳೆಯ ನೊಣಗಳು ಸರಪಳಿಯಂತೆ ಒಂದಕ್ಕೊಂದು ಕಾಲು ಹಿಡಿದು ತೂಗುತ್ತವೆ. ಆಗ ಮೇಣ ಸಣ್ಣ ಚಕ್ಕೆಯಾಗಿ ಒಸರುತ್ತದೆ. ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ಜೇನುತುಪ್ಪ ಖರ್ಚಾಗುತ್ತದೆ ಎಂದು ಜೇನು ಕೃಷಿಯ ಪುಸ್ತಕಗಳು ಲೆಕ್ಕ ಹೇಳುತ್ತವೆ. ಮನೆ ಕಟ್ಟುವುದು ಜೇನಿಗೂ ದುಬಾರಿ.

ಹ್ಯೂಬರನ ಪುಸ್ತಕ ಮೊದಲು ಬಂದದ್ದು 1792ರಲ್ಲಿ. ಮೇಣದ ಪ್ರಯೋಗಗಳನ್ನು ಸೇರಿಸಿ ವಿಸ್ತರಿಸಿದ ಎರಡನೇ ಆವೃತ್ತಿ 1814ರಲ್ಲಿ ಬಂತು. ಅಂದಿನಿಂದ ಇಂದಿನವರೆಗೆ ಹೊಸ ಪೆಟ್ಟಿಗೆಗೆ ಹುಳ ಹಾಕಿದವರು ಪಾಕ ಇಡುವುದರ ಹಿಂದಿನ ಕಾರಣ ಇದೇ. ಕೂಡಿಹಾಕಿದ ಆ ಹಿಂಡು ಹಲಸಿನ ಮರದಡಿಯ ನನ್ನ ಪೆಟ್ಟಿಗೆಯ ಹಾಗೇ ಇತ್ತು. ಮಳೆ ಹೊರಗಿನಿಂದ ಬಾಗಿಲು ಹಾಕಿತ್ತು. ನಾನು ಒಳಗೆ ಏನೂ ಇಟ್ಟಿರಲಿಲ್ಲ.

ಎರಿ ಮುರಿಯದೆ ತುಪ್ಪ ತೆಗೆದ ಕಾಲ

1851ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ಸಣ್ಣ ಸಂದಿಯ ಗುಟ್ಟು ಹಿಡಿದ. ಚೌಕಟ್ಟಿಗೂ ಗೋಡೆಗೂ ನಡುವೆ ನೊಣ ಓಡಾಡುವಷ್ಟೇ ಜಾಗ, ಅಂದರೆ ಕಾಲು ಇಂಚಿನಿಂದ ಸ್ವಲ್ಪ ಹೆಚ್ಚು, ಬಿಟ್ಟರೆ ನೊಣ ಅದನ್ನು ಮುಚ್ಚುವುದಿಲ್ಲ. ಹೆಚ್ಚು ಬಿಟ್ಟರೆ ಎರಿ ಕಟ್ಟುತ್ತದೆ, ಕಡಿಮೆ ಬಿಟ್ಟರೆ ಅಂಟು ಮೆತ್ತುತ್ತದೆ. ಈ ಸಂದಿ ಸಿಕ್ಕಿದ ಮೇಲೆ ಚೌಕಟ್ಟನ್ನು ಎತ್ತಿ ನೋಡಿ ಮತ್ತೆ ಇಡುವುದು ಸುಲಭವಾಯಿತು. 1852ರಲ್ಲಿ ಪೇಟೆಂಟ್ ಸಿಕ್ಕಿತು. ಹಣ ಮಾತ್ರ ಅವನಿಗೆ ದಕ್ಕಲಿಲ್ಲ, ಎಲ್ಲರೂ ನಕಲು ಮಾಡಿದರು.

1857ರಲ್ಲಿ ಜರ್ಮನಿಯ ಮೆಹ್ರಿಂಗ್ ಮೇಣದ ಹಾಳೆ ಮಾಡಿದ. ಎರಿಯ ಅಡಿಪಾಯವನ್ನು ನಾವೇ ಹಾಕಿಕೊಟ್ಟರೆ ನೊಣದ ಖರ್ಚು ಅಷ್ಟು ಉಳಿಯಿತು. 1865ರಲ್ಲಿ ಹ್ರುಷ್ಕಾ ಎಂಬಾತ ಎರಿಯನ್ನು ತಿರುಗಿಸಿ ತುಪ್ಪ ಹೊರಗೆ ಚಿಮ್ಮಿಸುವ ಯಂತ್ರ ಮಾಡಿದ. ಖಾಲಿ ಎರಿ ಮತ್ತೆ ನೊಣಕ್ಕೆ ವಾಪಸ್.

ಈ ಮೂರು ಸೇರಿದಾಗ ಮನುಷ್ಯ ಮತ್ತು ಜೇನಿನ ಸಂಬಂಧವೇ ಬದಲಾಯಿತು. ಮೊದಲು ನಾವು ಜೇನಿನ ಬೇಟೆಗಾರರು, ಈಗ ಸಾಕುವವರು. ಬೇಟೆಗಾರನಿಗೆ ಜಿಂಕೆಯ ಹಸಿವಿನ ಚಿಂತೆ ಇಲ್ಲ. ಹಸು ಕಟ್ಟಿದವನಿಗೆ ಹುಲ್ಲಿನ ಚಿಂತೆ ಇರಲೇಬೇಕು. ಪೆಟ್ಟಿಗೆ ಬಂದ ದಿನದಿಂದ ಜೇನಿನ ಹಸಿವು ನಮ್ಮ ಲೆಕ್ಕಕ್ಕೆ ಬಂತು.

ನಮ್ಮ ಕಡೆಗೆ ಪೆಟ್ಟಿಗೆ ಬಂದದ್ದು

ಭಾರತದಲ್ಲಿ ಚೌಕಟ್ಟಿನ ಪೆಟ್ಟಿಗೆಯ ಮೊದಲ ಪ್ರಯತ್ನಗಳು 1880ರ ದಶಕದಲ್ಲಿ ಬಂಗಾಳ ಮತ್ತು ಪಂಜಾಬಿನಲ್ಲಿ ನಡೆದವು. ಹೆಚ್ಚು ಫಲ ಕೊಡಲಿಲ್ಲ. ವಿದೇಶದ ದೊಡ್ಡ ಪೆಟ್ಟಿಗೆ ನಮ್ಮ ಸಣ್ಣ ತುಡುವೆಗೆ ಹೊಂದುವುದಿಲ್ಲ. ಐದು ಜನ ಇರುವ ಕುಟುಂಬ ಹಳೆಯ ಕಾಲದ ಚೌಕಿಮನೆಯಲ್ಲಿ ಇದ್ದ ಹಾಗಾಗುತ್ತದೆ. ಬೆಚ್ಚಗಿಡಲೂ ಆಗುವುದಿಲ್ಲ, ಕಾವಲು ಕಾಯಲೂ ಆಗುವುದಿಲ್ಲ.

ದಕ್ಷಿಣದಲ್ಲಿ ಇದಕ್ಕೆ ದಾರಿ ತೋರಿಸಿದವರು ಪಾದ್ರಿ ನ್ಯೂಟನ್. ತುಡುವೆಯ ಗಾತ್ರಕ್ಕೆ ತಕ್ಕ ಸಣ್ಣ ಪೆಟ್ಟಿಗೆ ಮಾಡಿ 1911ರಿಂದ 1917ರ ನಡುವೆ ಹಳ್ಳಿಯ ಜನರಿಗೆ ತರಬೇತಿ ಕೊಟ್ಟರು. ಇಂದಿಗೂ ನಮ್ಮ ಹಿರಿಯ ಜೇನು ಕೃಷಿಕರ ಬಾಯಲ್ಲಿ ‘ನ್ಯೂಟನ್ ಪೆಟ್ಟಿಗೆ’ ಎಂಬ ಮಾತು ಬರುವುದು ಇವರಿಂದಾಗಿ. ಸೇಬು ಬಿದ್ದ ಕಥೆಯ ನ್ಯೂಟನ್ ಇವರಲ್ಲ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

1917ರಲ್ಲಿ ತಿರುವಾಂಕೂರಿನಲ್ಲಿ, 1925ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪೆಟ್ಟಿಗೆಯ ಜೇನು ಕೃಷಿ ಶುರುವಾಯಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಇದನ್ನು ಗ್ರಾಮೋದ್ಯೋಗವಾಗಿ ಬೆಳೆಸಬೇಕೆಂದು ಹೇಳಿದ ಮೇಲೆ 1931ರಲ್ಲಿ ಮದ್ರಾಸ್ ಪ್ರಾಂತ್ಯ, 1934ರಲ್ಲಿ ಕೊಡಗು ಕೈಹಾಕಿದವು. ಅದೇ 1934ರಲ್ಲಿ ಗಾಂಧೀಜಿಯವರ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ವಾರ್ಧಾದಲ್ಲಿ ಹುಟ್ಟಿತು. ಅದರ ಕಸುಬುಗಳ ಪಟ್ಟಿಯಲ್ಲಿ ಜೇನೂ ಇತ್ತು. ಕೊಡಗಿನ ವಿರಾಜಪೇಟೆ, ಭಾಗಮಂಡಲ, ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ಜೇನು ಸಾಕುವವರ ಸಹಕಾರ ಸಂಘಗಳು ಬೆಳೆದವು. ಸ್ವಾತಂತ್ರ್ಯದ ನಂತರ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಬಂತು. 1962ರಲ್ಲಿ ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಶುರುವಾಯಿತು. ಅದೇ ವರ್ಷ ಆಗಿನ ಪಂಜಾಬಿನ ನಗ್ರೋಟಾದಲ್ಲಿ ಯುರೋಪಿನ ಮೆಲ್ಲಿಫೆರಾ ಜೇನು ನೆಲೆಯೂರಿತು.

ಪೆಟ್ಟಿಗೆ ಹೀಗೆ ಊರೂರಿಗೆ ಬಂತು. ಜೊತೆಗೆ ಪಾಕ ಇಡುವ ಪಾಠವೂ ಬಂದಿತ್ತು. ಅಜ್ಜ ಯುವಕನಾಗಿದ್ದಾಗ ತರಬೇತಿಗೆ ಹೋದವರು. ಅಲ್ಲಿ ಕಲಿಸಿದ್ದು ಅವರಿಗೆ ಇಂದಿಗೂ ನೆನಪಿದೆ: “ಹುಳ ಹಾಕಿದ ದಿನ ಸಂಜೆಯೇ ಪಾಕ ಇಡು. ಮರುದಿನ ಅಲ್ಲ, ಅವತ್ತೇ.”

ಸಕ್ಕರೆಯ ಪಾಲು ಯಾರಿಗೆ?

ಪಾಕಕ್ಕೆ ಸಕ್ಕರೆ ಬೇಕಲ್ಲ. ಯುರೋಪಿನಲ್ಲಿ 1747ರಲ್ಲಿ ಮಾರ್ಗ್ರಾಫ್ ಎಂಬ ಜರ್ಮನ್ ವಿಜ್ಞಾನಿ ಬೀಟ್ ಗೆಡ್ಡೆಯಲ್ಲಿ ಸಕ್ಕರೆ ಇದೆ ಎಂದು ತೋರಿಸಿದ. ಮುಂದಿನ ಶತಮಾನದಲ್ಲಿ ಕಾರ್ಖಾನೆಗಳು ಬಂದು ಸಕ್ಕರೆ ಅಗ್ಗವಾದ ಮೇಲೆಯೇ ಅಲ್ಲಿ ಜೇನಿಗೆ ಸಕ್ಕರೆ ಪಾಕ ಕೊಡುವುದು ಸಾಮಾನ್ಯವಾಯಿತು.

ನಮ್ಮಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಅದರ ಹಿಂದೆ ದುಡಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಒಬ್ಬರು. ಅಡಿಕೆ ಬೆಳೆಗಾರರಿಗೆ ಇವರು ಇನ್ನೊಂದು ಕಾರಣಕ್ಕೆ ಬೇಕಾದವರು, ಕೊಳೆರೋಗದ ಮೇಲೆ ಕೆಲಸ ಮಾಡಿದವರು.

ಸಕ್ಕರೆ ಬಂತು, ಆದರೆ ಎಲ್ಲರಿಗೂ ಸಿಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ನಿಯಂತ್ರಣ ಬಂತು, ಆಮೇಲೂ ಬಹಳ ವರ್ಷ ರೇಷನ್ ಕಾರ್ಡಿನ ಸಕ್ಕರೆಯೇ ಗತಿಯಾಗಿತ್ತು. ಬ್ರಿಟನ್ನಿನಲ್ಲಿ ಯುದ್ಧದ ನಡುವೆಯೂ ಜೇನು ಸಾಕುವವರಿಗೆ ಪ್ರತ್ಯೇಕ ಸಕ್ಕರೆ ಪಾಲು ಇತ್ತು. ಜೇನು ಸತ್ತರೆ ಹಣ್ಣಿನ ತೋಟಕ್ಕೂ ಪೆಟ್ಟು ಎಂದು ಅಲ್ಲಿಯವರಿಗೆ ಗೊತ್ತಿತ್ತು.

ನಮ್ಮ ಅಜ್ಜನ ಮನೆಯಲ್ಲಿ ಪಾಲು ಬೇರೆ ರೀತಿ ಆಗುತ್ತಿತ್ತಂತೆ. “ಕಾರ್ಡಿನ ಸಕ್ಕರೆ ಬಂದರೆ ಅಮ್ಮ ಒಂದು ಡಬ್ಬ ಎತ್ತಿ ಇಡ್ತಿದ್ರು. ನೆಂಟರಿಗೆ ಬೆಲ್ಲದ ಕಾಫಿ, ಹುಳಕ್ಕೆ ಸಕ್ಕರೆ.”

ಬೆಲ್ಲವನ್ನೇ ಕರಗಿಸಿ ಕೊಟ್ಟರೆ ಆಗದೇ ಎಂದು ಕೇಳಿದೆ. ಆಗದು. ಬೆಲ್ಲದಲ್ಲಿ ಉಳಿದಿರುವ ಇತರ ಅಂಶಗಳು ನೊಣಕ್ಕೆ ಜೀರ್ಣವಾಗದೆ ಭೇದಿ ಹಿಡಿಯುತ್ತದೆ. ನಮಗೆ ಬೆಲ್ಲ ಒಳ್ಳೆಯದು, ನೊಣಕ್ಕೆ ಬಿಳಿ ಸಕ್ಕರೆಯೇ ಸರಿ.

ತುಡುವೆ ಕಾಯುವುದಿಲ್ಲ

ಇಲ್ಲಿ ನಮ್ಮ ಜೇನಿನ ಸ್ವಭಾವ ತಿಳಿಯಬೇಕು. ಮೆಲ್ಲಿಫೆರಾ ಹಸಿದರೂ ಹೆಚ್ಚಾಗಿ ಗೂಡಿನಲ್ಲೇ ಉಳಿದು ಸಾಯುತ್ತದೆ. ತುಡುವೆ ಹಾಗಲ್ಲ. ಮೇವು ಮುಗಿದರೆ, ಇರುವೆ ಹತ್ತಿದರೆ, ಮೇಣದ ಹುಳ ಬಿದ್ದರೆ, ಪದೇ ಪದೇ ಮುಚ್ಚಳ ತೆಗೆದು ಕಾಟ ಕೊಟ್ಟರೆ, ರಾಣಿಯ ಸಮೇತ ಇಡೀ ಸಂಸಾರ ಎದ್ದು ಹೋಗುತ್ತದೆ. ಕಾಡಿನಲ್ಲಿ ಬದುಕಿಕೊಳ್ಳಲು ಅದು ಕಲಿತ ವಿದ್ಯೆ ಅದು. ನಾವು ‘ಓಡಿಹೋಯ್ತು’ ಎಂದು ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಹೊಸ ಪೆಟ್ಟಿಗೆಗೆ ಮೊದಲ ಮೂರು ವಾರ ಬಹಳ ಕಷ್ಟದ್ದು. ರಾಣಿ ಇವತ್ತು ಮೊಟ್ಟೆ ಇಟ್ಟರೆ ಅದು ನೊಣವಾಗಿ ಹೊರಬರಲು ಸುಮಾರು ಮೂರು ವಾರ ಬೇಕು. ಅಲ್ಲಿಯವರೆಗೆ ಇರುವ ನೊಣಗಳು ದಿನವೂ ಸ್ವಲ್ಪ ಸ್ವಲ್ಪ ಸಾಯುತ್ತವೆ, ಹೊಸದು ಸೇರುವುದಿಲ್ಲ. ಜನ ಕಡಿಮೆಯಾಗುತ್ತಿರುವಾಗಲೇ ಮನೆ ಕಟ್ಟುವ ಕೆಲಸ, ಮರಿ ಸಾಕುವ ಕೆಲಸ ಹೆಚ್ಚುತ್ತದೆ. ಈ ಮೂರು ವಾರ ದಾಟಿಸಿದರೆ ಅರ್ಧ ಗೆದ್ದ ಹಾಗೆ. ನನಗೆ ಪೆಟ್ಟಿಗೆ ಕೊಟ್ಟದ್ದು ಈ ಮೂರು ವಾರ ಮಳೆಗೆ ಸಿಕ್ಕಿಬೀಳುವ ಹೊತ್ತಿನಲ್ಲಿ. ನಾನು ಪಡೆದದ್ದೂ ಹಾಗೇ, ಏನೂ ಕೇಳದೆ.

ಹಸಿದ ಹುಳ ಓಡಿದ್ದಷ್ಟೇ ಖಾಲಿ ಪೆಟ್ಟಿಗೆಗಳಿಗೆ ಕಾರಣ ಎಂದರೆ ಅದೂ ತಪ್ಪಾಗುತ್ತದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ನುಗ್ಗಿತು. ಮರಿಹುಳ ನೀರು ತುಂಬಿದ ಚೀಲದ ಹಾಗಾಗಿ ಸಾಯುತ್ತದೆ. ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕೊಡಗಿನ, ಕರಾವಳಿಯ, ಮಲೆನಾಡಿನ ಅಟ್ಟಗಳ ಮೇಲೆ ಪೆಟ್ಟಿಗೆಗಳು ಸೇರಿದ್ದು ಆಗ. ಅಜ್ಜನ ನಲವತ್ತು ಪೆಟ್ಟಿಗೆಗಳಲ್ಲಿ ಉಳಿದದ್ದು ಎರಡು. ಪಾಕ ಕೊಟ್ಟರೆ ವೈರಸ್ ಹೋಗುವುದಿಲ್ಲ. ಅದಕ್ಕೆ ಔಷಧಿಯೂ ಇಲ್ಲ. ಆದರೆ ರೋಗ ತಾಳಿಕೊಂಡು ಉಳಿದ ಹುಳದಿಂದ ಮತ್ತೆ ಕುಟುಂಬ ಕಟ್ಟುವಾಗ, ಆ ಎರಡು ನಾಲ್ಕಾಗುವಾಗ, ನಾಲ್ಕು ಎಂಟಾಗುವಾಗ ಪ್ರತಿ ಸಲವೂ ಹೊಸ ಪೆಟ್ಟಿಗೆ, ಖಾಲಿ ಚೌಕಟ್ಟು, ಹಸಿದ ಹುಳ. ಅಜ್ಜ ಪ್ರತಿ ಸಲವೂ ಪಾಕ ಇಟ್ಟರು. ಇವತ್ತು ಅವರ ಅಂಗಳದ ಸುತ್ತ ಹದಿನಾರು ಪೆಟ್ಟಿಗೆ ಇವೆ.

‘ಸಕ್ಕರೆ ಜೇನು’ ಎಂಬ ಅನುಮಾನ

ಪಾಕದ ಮಾತು ಎತ್ತಿದರೆ ಕೆಲವರು ಮುಖ ತಿರುಗಿಸುತ್ತಾರೆ. “ಹಾಗಾದರೆ ಸಕ್ಕರೆಯನ್ನೇ ಜೇನು ಅಂತ ಮಾರ್ತೀರಿ ಅಲ್ವಾ?” ಅನುಮಾನ ಸುಳ್ಳಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡ್‌ಗಳ ಜೇನುತುಪ್ಪ ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಗಳಲ್ಲಿ ಪಾಸಾದದ್ದು 3 ಮಾತ್ರ. ಆದರೆ ಅದು ಬಾಟಲಿಗೆ ಪಾಕ ಬೆರೆಸಿದ ಮೋಸ. ಹಸಿದ ಹುಳಕ್ಕೆ ಉಣಿಸುವುದು ಬೇರೆ.

ವ್ಯತ್ಯಾಸ ಇರುವುದು ಕಾಲದಲ್ಲಿ. ಮೇವಿಲ್ಲದಾಗ ಕೊಟ್ಟ ಪಾಕ ಎರಿಯಾಗುತ್ತದೆ, ಮರಿಗಳ ಊಟವಾಗುತ್ತದೆ, ನೊಣದ ಮೈಗೆ ಹೋಗುತ್ತದೆ. ಹೂವಿನ ಸುಗ್ಗಿ ಶುರುವಾಗುವ ಮೊದಲೇ ನಿಲ್ಲಿಸಬೇಕು. ಪಾಕ ಕೊಡುವಾಗ ಮೇಲಿನ ಜೇನು ಕೋಣೆ ಇಟ್ಟಿರಲೇಬಾರದು, ಕೆಳಗಿನ ಸಂಸಾರ ಕೋಣೆ ಮಾತ್ರ ಇರಬೇಕು. ಅಲ್ಲಿಯ ತುಪ್ಪ ನಮ್ಮದಲ್ಲ, ಹುಳದ್ದು. ಈ ನಿಯಮ ಮುರಿದವನು ಬಾಟಲಿಗೆ ಬೆರೆಸಿದವನಿಗಿಂತ ಬೇರೆಯಲ್ಲ.

ಅಜ್ಜ ಹೇಳಿಕೊಟ್ಟದ್ದನ್ನೂ, ತರಬೇತಿಗಳಲ್ಲಿ ಹೇಳುವುದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ನೀರು ಕುದಿಸಿ ಇಳಿಸಿ ಸಕ್ಕರೆ ಕರಗಿಸಿ, ಪೂರ್ತಿ ತಣ್ಣಗಾಗಲಿ. ಸಕ್ಕರೆಯನ್ನು ಒಲೆಯ ಮೇಲೆ ಕಂದು ಬಣ್ಣ ಬರುವ ತನಕ ಕಾಯಿಸಬೇಡಿ.

ಕರಟ ಅಥವಾ ಅಗಲ ಬಾಯಿಯ ಸಣ್ಣ ಬಟ್ಟಲಿನಲ್ಲಿ ಹಾಕಿ ಹುಲ್ಲುಕಡ್ಡಿ ತೇಲಿಸಿ. ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಬಾಟಲಿಯನ್ನು ಬೋರಲು ಇಟ್ಟರೂ ಆಗುತ್ತದೆ. ಯಾವುದೇ ಇರಲಿ, ಪೆಟ್ಟಿಗೆಯ ಒಳಗೆ ಇಡಿ. ಹೊರಗಿಟ್ಟರೆ ಅಕ್ಕಪಕ್ಕದ ಬಲವಾದ ಗೂಡಿನ ನೊಣ ಬಂದು ದೋಚುತ್ತದೆ, ಜಗಳದಲ್ಲಿ ನಿಮ್ಮ ಹುಳವೇ ಸಾಯುತ್ತದೆ.

ಕತ್ತಲಾಗುವ ಹೊತ್ತಿಗೆ ಇಡಿ. ಬೆಳಿಗ್ಗೆಯೊಳಗೆ ಮುಗಿಯುವಷ್ಟೇ ಇಡಿ. ಚೆಲ್ಲಿದರೆ ಒರೆಸಿ, ಇಲ್ಲದಿದ್ದರೆ ಇರುವೆ ಬರುತ್ತದೆ. ಉಳಿದು ಹುಳಿ ಬಂದದ್ದನ್ನು ಚೆಲ್ಲಿ, ಬಟ್ಟಲು ತೊಳೆಯಿರಿ. ಹುಳ ಒಂದೆರಡು ಎರಿ ಕಟ್ಟಿಕೊಳ್ಳುವವರೆಗೆ ಒಂದು ದಿನ ಬಿಟ್ಟು ಒಂದು ದಿನ ಸ್ವಲ್ಪ ಸ್ವಲ್ಪ ಕೊಡಿ. ಆಮೇಲೆ ಮಳೆಗಾಲ ಮುಗಿಯುವ ತನಕ ವಾರಕ್ಕೆ 200 ಗ್ರಾಂ ಸಕ್ಕರೆಯ ಪಾಕ ಸಾಕು.

ಅಂಗಡಿಯ ಅಥವಾ ಬೇರೆಯವರ ಗೂಡಿನ ಜೇನುತುಪ್ಪ ಮಾತ್ರ ಕೊಡಬೇಡಿ. ಅದರ ಜೊತೆ ರೋಗ ಬರಬಹುದು.

ಲೆಕ್ಕ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನಾರು ವಾರ ಹಿಡಿದರೆ 3 ಕಿಲೋ 200 ಗ್ರಾಂ ಸಕ್ಕರೆ. ಕಿಲೋಗೆ 45 ರೂಪಾಯಿ ಎಂದರೂ 144 ರೂಪಾಯಿ. ಮೊದಲ ವಾರಗಳ ಹೆಚ್ಚಿನ ಪಾಕ ಸೇರಿಸಿದರೂ ಇನ್ನೂರರ ಆಸುಪಾಸು. ಹುಳದ ಸಮೇತ ಸಾವಿರಾರು ರೂಪಾಯಿ ಬೆಲೆಬಾಳುವ ಪೆಟ್ಟಿಗೆ ಖಾಲಿಯಾಗುವುದು ಈ ಇನ್ನೂರು ರೂಪಾಯಿಯ ಸಕ್ಕರೆ ಇಲ್ಲದೆ.

ಈ ವರ್ಷ

ಕಳೆದ ಫೆಬ್ರವರಿಯಲ್ಲಿ ಅಜ್ಜ ಅವರ ಒಂದು ಗೂಡು ಪಾಲಾದಾಗ ಕರೆದು ಒಂದು ಹಿಂಡು ಕೊಟ್ಟರು. ನನ್ನ ಹಳೆಯ ಖಾಲಿ ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ದೆ. ಹುಳ ಇಳಿಸಿದ ದಿನ ಸಂಜೆ ಅಮ್ಮ ಚಹಾಕ್ಕೆ ಸಕ್ಕರೆ ಹುಡುಕಿದರೆ ಡಬ್ಬ ಖಾಲಿ. “ಎಲ್ಲಿ ಹೋಯ್ತೋ?” ಎಂದರು. ಹಲಸಿನ ಮರದ ಕಡೆ ಕೈ ತೋರಿಸಿದೆ.

ಬೇಸಿಗೆಯಲ್ಲಿ ನೇರಳೆ ಹೂವು ಬಂದಾಗ ಪಾಕ ನಿಲ್ಲಿಸಿದೆ. ಮಳೆ ಹಿಡಿದ ಮೇಲೆ ಮತ್ತೆ ಶುರು ಮಾಡಿದೆ. ಆರಿದ್ರೆ ದಾಟಿತು, ಪುನರ್ವಸು ಹಿಡಿಯಿತು. ಜುಲೈ ಎರಡನೇ ವಾರ ಮಳೆ ಒಂದು ಗಳಿಗೆ ಬಿಟ್ಟಾಗ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿದೆ. ಒಳಗೆ ಸದ್ದಿತ್ತು.

ಮುಂದಿನ ಸಲ ಪೆಟ್ಟಿಗೆ ವಿತರಣೆಯ ಸುದ್ದಿಗೆ ನನ್ನನ್ನು ಕರೆದರೆ ಹೋಗುತ್ತೇನೆ, ಫೋಟೊ ತೆಗೆಯುತ್ತೇನೆ. ಆದರೆ ಎರಡು ಪ್ರಶ್ನೆ ಕೇಳಿಯೇ ಬರೆಯುತ್ತೇನೆ: ಹುಳ ಕೊಡುವುದು ಯಾವ ತಿಂಗಳು? ಜೊತೆಗೆ ಸಕ್ಕರೆಗೆ ಏನು ವ್ಯವಸ್ಥೆ? ಪೆಟ್ಟಿಗೆ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತ ನೀವೂ ಇವೆರಡನ್ನು ಕೇಳಿ. ಉತ್ತರ ಸಿಗದಿದ್ದರೆ ಮನೆಗೆ ಬರುವ ದಾರಿಯಲ್ಲಿ ಒಂದು ಕಿಲೋ ಸಕ್ಕರೆ ಹಿಡಿದುಕೊಂಡು ಬನ್ನಿ.